ಬೆಳಕಿನ ಮರ, ಮರೆಯಾದ ತಂತಿ



ಡಿಸೆಂಬರ್ ತಿಂಗಳ ಮೂರನೆಯ ವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರೊಳಗೆ ಕಳೆದ ವರ್ಷ ಸುತ್ತಿಟ್ಟ ಸೀರಿಯಲ್ ಸೆಟ್ಟು ಇರುತ್ತದೆ. ಎಷ್ಟೇ ಜೋಪಾನವಾಗಿ ಸುತ್ತಿಟ್ಟಿದ್ದರೂ ಹನ್ನೊಂದು ತಿಂಗಳ ಕತ್ತಲೆಯಲ್ಲಿ ಅದು ತಾನಾಗಿಯೇ ಗಂಟು ಹಾಕಿಕೊಂಡಿರುತ್ತದೆ. ಅರ್ಧ ಗಂಟೆ ಕುಳಿತು ಗಂಟು ಬಿಡಿಸಿ, ಗಾಳಿಮರದ ಕೊಂಬೆಗೆ ಸುತ್ತಿ, ಪ್ಲಗ್ಗು ಚುಚ್ಚಿದರೆ ಮೇಲಿನರ್ಧ ಬೆಳಗುತ್ತದೆ, ಕೆಳಗಿನರ್ಧ ಬೆಳಗುವುದಿಲ್ಲ. ಆಮೇಲೆ ಮನೆಯ ಹಿರಿಯರೊಬ್ಬರು ಕನ್ನಡಕ ಏರಿಸಿಕೊಂಡು ಒಂದೊಂದೇ ಬಲ್ಬನ್ನು ಒತ್ತಿ ನೋಡುತ್ತಾ ಕೂರುತ್ತಾರೆ. ಈ ದೃಶ್ಯವನ್ನು ಕಾಣದ ಕ್ರೈಸ್ತ ಮನೆ ನಮ್ಮ ನಾಡಿನಲ್ಲಿ ವಿರಳವೆಂದೇ ನನ್ನ ಎಣಿಕೆ.

ಇತ್ತೀಚಿನ ವರ್ಷಗಳಲ್ಲಿ ಕೆಲವು ಮನೆಗಳಿಗೆ ಬೇರೊಂದು ಬಗೆಯ ಮರ ಬಂದಿದೆ. ಕಾರ್ಖಾನೆಯಲ್ಲಿಯೇ ದೀಪಗಳನ್ನು ಕಟ್ಟಿ ಕಳುಹಿಸಿದ ಕೃತಕ ಮರ ಅದು. ಮಾರುಕಟ್ಟೆಯಲ್ಲಿ ಅದನ್ನು 'ಪ್ರೀ-ಲಿಟ್' ಮರವೆಂದು ಕರೆಯುತ್ತಾರೆ. ಪೆಟ್ಟಿಗೆಯಿಂದ ಮೂರು ತುಂಡುಗಳನ್ನು ತೆಗೆದು ಒಂದರ ಮೇಲೊಂದು ನಿಲ್ಲಿಸಿ, ಬುಡದಿಂದ ಹೊರಟ ಒಂದೇ ವೈರನ್ನು ಗೋಡೆಗೆ ಚುಚ್ಚಿದರೆ ಬುಡದಿಂದ ತುದಿಯವರೆಗೆ ನೂರಾರು ದೀಪಗಳು ಒಮ್ಮೆಲೇ ಬೆಳಗುತ್ತವೆ. ಗಂಟು ಇಲ್ಲ, ಜೋತಾಡುವ ಪ್ಲಗ್ಗು ಇಲ್ಲ. ಮನೆಯ ಮಗುವೊಂದು ಮರದ ಸುತ್ತ ಎರಡು ಸುತ್ತು ಬಂದು, "ಕರೆಂಟು ಎಲ್ಲಿಂದ ಬರುತ್ತದೆ?" ಎಂದು ಕೇಳಿದರೆ ಉತ್ತರ ಹೇಳುವುದು ದೊಡ್ಡವರಿಗೂ ಅಷ್ಟು ಸುಲಭವಲ್ಲ. ಆ ತಂತಿ ಮರೆಯಾಗುವುದಕ್ಕೆ ಸುಮಾರು ನೂರಮೂವತ್ತು ವರ್ಷಗಳು ಹಿಡಿದವು. ಅದರ ಕಥೆಯನ್ನು ಈ ಸಲ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಮೊದಲು ತಂತಿಯೇ ಇಲ್ಲದ ಕಾಲವನ್ನು ನೋಡೋಣ. ಅಲಂಕರಿಸಿದ ಕ್ರಿಸ್‌ಮಸ್ ಮರ ಜರ್ಮನ್ ಭಾಷಿಕರ ನಾಡಿನ ಕೊಡುಗೆ. 1605ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಮನೆಯೊಳಗೆ ಮರ ನಿಲ್ಲಿಸಿ ಅದಕ್ಕೆ ಕಾಗದದ ಗುಲಾಬಿಗಳನ್ನೂ ಸೇಬುಗಳನ್ನೂ ತೂಗುಹಾಕುತ್ತಿದ್ದರೆಂದು ಬರೆದಿಟ್ಟ ದಾಖಲೆಯಿದೆ. ಅದರಲ್ಲಿ ದೀಪದ ಮಾತಿಲ್ಲ. ಮಾರ್ಟಿನ್ ಲೂಥರ್ ಅವರು ನಕ್ಷತ್ರಗಳ ಬೆಳಕಿಗೆ ಮನಸೋತು ಮರಕ್ಕೆ ಮೇಣದಬತ್ತಿ ಕಟ್ಟಿದರೆಂಬ ಕಥೆಯನ್ನು ನೀವು ಕೇಳಿರಬಹುದು. ಕಥೆ ಸೊಗಸಾಗಿದೆ, ಆದರೆ ಅವರ ಕಾಲದ ಯಾವ ಬರಹವೂ ಅದನ್ನು ಸಮರ್ಥಿಸುವುದಿಲ್ಲ. ಹದಿನೆಂಟನೆಯ ಶತಮಾನದ ವೇಳೆಗೆ ಮಾತ್ರ ಜರ್ಮನಿಯ ಮನೆಗಳಲ್ಲಿ ಮರಕ್ಕೆ ಮೇಣದಬತ್ತಿ ಹಚ್ಚುವುದು ರೂಢಿಗೆ ಬಂದಿತ್ತು. 1848ರಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಯೊಂದು ವಿಂಡ್ಸರ್ ಅರಮನೆಯಲ್ಲಿ ರಾಣಿ ವಿಕ್ಟೋರಿಯಾ ಹಾಗೂ ಜರ್ಮನ್ ಮೂಲದ ಅವರ ಪತಿ ಆಲ್ಬರ್ಟ್ ಮಕ್ಕಳೊಡನೆ ಮರದ ಸುತ್ತ ನಿಂತ ಚಿತ್ರವನ್ನು ಅಚ್ಚುಮಾಡಿದ ಮೇಲೆ ಈ ಪದ್ಧತಿ ಇಂಗ್ಲೆಂಡಿನಲ್ಲೂ ಅಮೆರಿಕದಲ್ಲೂ ಮನೆಮಾತಾಯಿತು. ಕಥೋಲಿಕ ವಲಯದಲ್ಲಿ ಗೋದಲಿಗೆ ಇದ್ದ ಸ್ಥಾನ ಮರಕ್ಕೆ ದೊರೆಯಲು ಬಹಳ ಕಾಲ ಬೇಕಾಯಿತು. ರೋಮಿನ ಸಂತ ಪೇತ್ರರ ಚೌಕದಲ್ಲಿ ಮೊದಲ ಬಾರಿಗೆ ಮರ ನಿಂತದ್ದು 1982ರಲ್ಲಿ, ಜಗದ್ಗುರು ಎರಡನೆಯ ಜಾನ್ ಪೌಲ್ ಅವರ ಕಾಲದಲ್ಲಿ.

ಮೇಣದಬತ್ತಿಯ ಮರ ಚಿತ್ರದಲ್ಲಿ ನೋಡಲು ಮನೋಹರ. ಆದರೆ ಅದನ್ನು ಹಚ್ಚುವ ಮನೆಯವರ ಪಾಡನ್ನು ಊಹಿಸಿಕೊಳ್ಳಿ. ಕಡಿದು ತಂದ ಮರ ದಿನದಿನಕ್ಕೂ ಒಣಗುತ್ತದೆ. ಅದರ ಎಲೆಗಳಲ್ಲಿ ರಾಳವಿದೆ. ಬತ್ತಿ ನೆಟ್ಟಗೆ ನಿಲ್ಲಬೇಕು, ಮೇಲಿನ ಕೊಂಬೆಗೆ ಅದರ ಜ್ವಾಲೆ ತಾಗಬಾರದು. ಮೊದಮೊದಲು ಕರಗಿಸಿದ ಮೇಣದಿಂದ ಅಂಟಿಸಿದರು, ಗುಂಡುಸೂಜಿಯಿಂದ ಚುಚ್ಚಿದರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬತ್ತಿ ವಾಲದಂತೆ ಕೆಳಗೆ ಗುಂಡು ತೂಗುಬಿಟ್ಟ ಹಿಡಿಕೆಗಳೂ, ಬಟ್ಟೆ ಒಣಗಿಸುವ ಕ್ಲಿಪ್ಪಿನಂತೆ ಕೊಂಬೆಯನ್ನು ಕಚ್ಚಿ ಹಿಡಿಯುವ ಹಿಡಿಕೆಗಳೂ ಬಂದವು. ಇಷ್ಟಾದರೂ ಮರವನ್ನು ಬೆಳಗಿಸುತ್ತಿದ್ದುದು ಕೆಲವೇ ನಿಮಿಷಗಳ ಕಾಲ. ಮಕ್ಕಳನ್ನು ಒಳಗೆ ಕರೆಯುವ ಮೊದಲು ಬಕೆಟ್ಟಿನಲ್ಲಿ ನೀರು, ಕೋಲಿನ ತುದಿಗೆ ಕಟ್ಟಿದ ಒದ್ದೆ ಸ್ಪಂಜು ಸಿದ್ಧವಾಗಿರುತ್ತಿದ್ದವು. ಒಬ್ಬರು ಹಚ್ಚುತ್ತಿದ್ದರು, ಇನ್ನೊಬ್ಬರು ಕಾಯುತ್ತಿದ್ದರು. ಈ ಕಾಯುವವರನ್ನು ದಯವಿಟ್ಟು ನೆನಪಿನಲ್ಲಿಡಿ. ಅವರ ವಿಚಾರಕ್ಕೆ ಮತ್ತೆ ಬರುತ್ತೇನೆ.

ಇನ್ನು ವಿದ್ಯುತ್ತಿನ ಮಾತು. 1882ರ ವರ್ಷದ ಕೊನೆಯ ಎರಡು ತಿಂಗಳುಗಳಲ್ಲಿ, ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಘಟನೆಗಳು ನಡೆದವು. ಮೊದಲನೆಯದು ಲಂಡನ್ನಿನ ಸವಾಯ್ ನಾಟಕಶಾಲೆಯಲ್ಲಿ. ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ 'ಅಯೊಲಾಂಥಿ' ಎಂಬ ಗೀತನಾಟಕ ನವೆಂಬರ್ 25ರಂದು ರಂಗವೇರಿತು. ಅದರಲ್ಲಿ ಕಿನ್ನರಿಯರ ಪಾತ್ರ ಮಾಡಿದ ಪ್ರಮುಖ ನಟಿಯರ ಮುಡಿಯಲ್ಲಿ ಪುಟ್ಟ ವಿದ್ಯುದ್ದೀಪಗಳು ಮಿನುಗಿದವು. ದೀಪಗಳನ್ನು ಒದಗಿಸಿದವರು ಜೋಸೆಫ್ ಸ್ವಾನ್ ಎಂಬ ಸಂಶೋಧಕರು. ಬ್ಯಾಟರಿ ಎಲ್ಲಿತ್ತು? ನಟಿಯರ ಬೆನ್ನ ಮೇಲೆ, ಇಳಿಬಿಟ್ಟ ಕೂದಲು ಹಾಗೂ ಉಡುಪಿನ ಮರೆಯಲ್ಲಿ. ಆ ಕಾಲದ ಬ್ಯಾಟರಿ ಹಗುರವಾದುದಲ್ಲ. ಪ್ರೇಕ್ಷಕರಿಗೆ ಬೆಳಕು ಕಂಡಿತು. ಹೊರೆ ಹಾಡುವವಳ ಬೆನ್ನಿಗಷ್ಟೇ ತಿಳಿದಿತ್ತು. ಇಂಗ್ಲಿಷರು ಇಂದಿಗೂ ಇಂಥ ಪುಟ್ಟ ದೀಪಗಳ ಸರವನ್ನು 'ಕಿನ್ನರಿ ದೀಪ' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಆ ಹೆಸರು ಈ ನಾಟಕದಿಂದಲೇ ಬಂದಿತೆಂದು ಹಲವರು ಹೇಳುವುದುಂಟು. ಅದೇ ದಶಕದಲ್ಲಿ ಗಾಜಿನ ಬಟ್ಟಲೊಳಗಿಟ್ಟ ಮೇಣದ ದೀಪಗಳಿಗೂ ಅಂಥದೇ ಹೆಸರಿದ್ದುದರಿಂದ ಪಟ್ಟುಹಿಡಿದು ಹೇಳುವುದು ಬೇಡ.

ಎರಡನೆಯ ಘಟನೆ ನಡೆದದ್ದು ನ್ಯೂಯಾರ್ಕಿನಲ್ಲಿ, ಡಿಸೆಂಬರ್ 22ರಂದು. ಥಾಮಸ್ ಎಡಿಸನ್ ಅವರ ಆಪ್ತ ಸಹವರ್ತಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದ್ದ ಮರಕ್ಕೆ ಕೈಯಿಂದಲೇ ತಂತಿ ಎಳೆದು, ಅಕ್ರೋಟಿನ ಗಾತ್ರದ ಎಂಬತ್ತು ಬಲ್ಬುಗಳನ್ನು ಕಟ್ಟಿದ್ದರು. ಕೆಂಪು, ಬಿಳಿ, ನೀಲಿ ಬಣ್ಣಗಳು. ಅಷ್ಟಕ್ಕೇ ಅವರ ಉತ್ಸಾಹ ತಣಿಯಲಿಲ್ಲ. ಮರವೇ ಮೆಲ್ಲಗೆ ಸುತ್ತುತ್ತಿತ್ತು, ಸುತ್ತಿದಂತೆಲ್ಲ ದೀಪಗಳ ಒಂದು ಗುಂಪು ಆರಿ ಇನ್ನೊಂದು ಗುಂಪು ಹತ್ತುತ್ತಿತ್ತು. ಡೆಟ್ರಾಯಿಟ್ ನಗರದ ಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಕ್ರಾಫಟ್ ಎಂಬ ವರದಿಗಾರರು ಅದನ್ನು ಕಣ್ಣಾರೆ ಕಂಡು ಬರೆದುದರಿಂದ ಇಷ್ಟೆಲ್ಲ ವಿವರ ನಮಗೆ ಉಳಿದಿದೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಸುತ್ತುವ ಮರಕ್ಕೆ ತಂತಿ ಕಟ್ಟುವುದು ಹೇಗೆ? ಎರಡು ಸುತ್ತು ಬರುವಷ್ಟರಲ್ಲಿ ತಂತಿ ಬುಡಕ್ಕೆ ಸುತ್ತಿಕೊಂಡು ಹರಿದುಹೋಗಬೇಕಲ್ಲವೇ? ಜಾನ್ಸನ್ ಕಂಡುಕೊಂಡ ಉಪಾಯವೆಂದರೆ ತಾಮ್ರದ ಪಟ್ಟಿಗಳು. ಮರದೊಡನೆ ಸುತ್ತುವ ತಾಮ್ರದ ಪಟ್ಟಿಗೆ ಅಲುಗಾಡದ ತಾಮ್ರದ ಗುಬುಟೊಂದು ಸವರಿಕೊಂಡಿರುತ್ತದೆ. ಪಟ್ಟಿ ಇದ್ದ ಕಡೆ ವಿದ್ಯುತ್ ಹರಿಯುತ್ತದೆ, ಪಟ್ಟಿ ಕಡಿದ ಕಡೆ ನಿಲ್ಲುತ್ತದೆ. ಎರಡು ವರ್ಷಗಳ ತರುವಾಯ, 1884ರಲ್ಲಿ, ಅವರ ಮನೆಯ ಮರದಲ್ಲಿ 120 ದೀಪಗಳಿದ್ದವು. ಮರವನ್ನು ಸುತ್ತಿಸುವ ಪುಟ್ಟ ಯಂತ್ರ ಬುಡದಲ್ಲಿತ್ತು, ಅದಕ್ಕೆ ವಿದ್ಯುತ್ ಕೊಡುವ ದೊಡ್ಡ ಡೈನಮೋ ನೆಲಮಾಳಿಗೆಯಲ್ಲಿತ್ತು. ಅಂದರೆ ವಿದ್ಯುತ್ತಿನ ಮೂಲವನ್ನು ನೋಡುವವರ ಕಣ್ಣಿಂದ ಮರೆಮಾಡುವ ಆಸೆ ವಿದ್ಯುತ್ ಮರದೊಡನೆಯೇ ಹುಟ್ಟಿತು. ಮೇಣದಬತ್ತಿಗೆ ಮರೆಮಾಡುವಂಥದ್ದು ಏನೂ ಇರಲಿಲ್ಲ: ಉರಿಯುವುದೂ ಬೆಳಗುವುದೂ ಅದೇ, ಕರಗುವುದೂ ಅದೇ.

ಆದರೆ ನೆಲಮಾಳಿಗೆಯಲ್ಲಿ ಡೈನಮೋ ಇಟ್ಟುಕೊಳ್ಳುವ ಭಾಗ್ಯ ಎಷ್ಟು ಜನರಿಗಿದ್ದೀತು? ಮುಂದಿನ ಇಪ್ಪತ್ತು ವರ್ಷ ವಿದ್ಯುತ್ ಮರವು ಸಿರಿವಂತರ ಸೊತ್ತಾಗಿಯೇ ಉಳಿಯಿತು. 1890ರ ದಶಕದಲ್ಲಿ ಅಮೆರಿಕದ ಅಧ್ಯಕ್ಷರ ಶ್ವೇತಭವನದಲ್ಲಿ ಅದು ಬೆಳಗಿತು. ಪ್ರತಿಯೊಂದು ಬಲ್ಬಿಗೂ ವೈರ್‌ಮನ್ ಬಂದು ತಂತಿ ಸುಲಿದು, ತಿರುಚಿ, ಕಟ್ಟಿಕೊಡಬೇಕಿತ್ತು. 1903ರಲ್ಲಿ ಅಮೆರಿಕದ ಎವರೆಡಿ ಕಂಪನಿ ಮೊದಲೇ ಜೋಡಿಸಿದ ದೀಪಗಳ ಸರವನ್ನು ಮಾರಾಟಕ್ಕಿಟ್ಟಿತು. ನಮ್ಮ ಕಡೆಯ ಲೆಕ್ಕಕ್ಕೆ ಹೇಳುವುದಾದರೆ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿ ಆಗಿನ್ನೂ ಒಂದು ವರ್ಷವಾಗಿತ್ತು; ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಲು 1905ರವರೆಗೆ ಕಾಯಬೇಕಿತ್ತು.

ಆ ಕಾಲದ ಅಮೆರಿಕದ ಮನೆಗಳಲ್ಲಿ ಗೋಡೆಯ ಸಾಕೆಟ್ಟುಗಳು ಅಪರೂಪ. ಆದ್ದರಿಂದ ಸರದ ತುದಿಯನ್ನು ದೀಪದ ಬಲ್ಬು ಬಿಚ್ಚಿ ಆ ಹೋಲ್ಡರಿಗೇ ತಿರುಗಿಸುತ್ತಿದ್ದರು. ವೈರು ಸೂರಿನಿಂದ ಇಳಿದು ಕೋಣೆಯ ನಡುವೆ ಜೋತಾಡಿ ಮರವನ್ನು ಸೇರುತ್ತಿತ್ತು. ನಮ್ಮಲ್ಲೂ ಹೋಲ್ಡರಿನಿಂದ ಕರೆಂಟು ತೆಗೆದು ಗೋದಲಿಗೆ ದೀಪ ಹಾಕಿದ ನೆನಪು ಹಿರಿಯ ಓದುಗರಿಗೆ ಇದ್ದೀತು. ಜಾನ್ಸನ್ ಮರೆಮಾಡಿದ್ದ ತಂತಿ ಸಾಮಾನ್ಯರ ಮನೆಗೆ ಬರುವಾಗ ಎಲ್ಲರ ತಲೆಯ ಮೇಲೆಯೇ ಬಂದಿತು.

ನಾವು ದಿನವೂ ಬಳಸುವ 'ಸೀರಿಯಲ್ ಸೆಟ್ಟು' ಎಂಬ ಹೆಸರಿನ ಮೂಲವನ್ನು ಇಲ್ಲಿ ಹೇಳಿಬಿಡುವುದು ಒಳಿತು. ಬಲ್ಬುಗಳನ್ನು ಎರಡು ಬಗೆಯಲ್ಲಿ ಜೋಡಿಸಬಹುದು. ಮನೆಯ ದೀಪಗಳಂತೆ ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಪೂರ್ಣ ವಿದ್ಯುತ್ ಒತ್ತಡ ದೊರೆಯುವಂತೆ ಮಾಡುವುದು ಸಮಾಂತರ ಜೋಡಣೆ. ಒಂದರ ಬೆನ್ನಿಗೆ ಇನ್ನೊಂದನ್ನು ಕಟ್ಟಿ, ಮೊದಲನೆಯ ಬಲ್ಬನ್ನು ಹಾದ ವಿದ್ಯುತ್ತೇ ಎರಡನೆಯದನ್ನೂ ಮೂರನೆಯದನ್ನೂ ಹಾಯುವಂತೆ ಮಾಡುವುದು ಸರಣಿ ಜೋಡಣೆ, ಅಂದರೆ 'ಸೀರೀಸ್'. ಅದರಲ್ಲಿ ಇರುವ ಒತ್ತಡವನ್ನು ಎಲ್ಲ ಬಲ್ಬುಗಳೂ ಹಂಚಿಕೊಳ್ಳುತ್ತವೆ. ಅಮೆರಿಕದ 120 ವೋಲ್ಟಿಗೆ 15 ವೋಲ್ಟಿನ ಎಂಟು ಬಲ್ಬುಗಳು ಸಾಕಾದವು. ತಂತಿ ಕಡಿಮೆ, ಖರ್ಚು ಕಡಿಮೆ. ಆದರೆ ಒಂದು ಬಲ್ಬಿನ ಎಳೆ ಕಡಿದರೆ ಸರಪಳಿಯೇ ಕಡಿದಂತೆ. ಎಂಟೂ ಆರಿಹೋಗುತ್ತವೆ, ತಪ್ಪು ಯಾರದೆಂದು ಯಾವುದೂ ಹೇಳುವುದಿಲ್ಲ. 1920ರ ದಶಕದಲ್ಲಿ ಒಂದು ಸರದ ಕೊನೆಗೆ ಇನ್ನೊಂದು ಸರವನ್ನು ಚುಚ್ಚುವ ವ್ಯವಸ್ಥೆ ಬಂದಿತು, ಸಮಾಂತರ ಜೋಡಣೆಯ ಸರಗಳೂ ಬಂದವು. 1923ರ ಡಿಸೆಂಬರ್ 24ರ ಸಂಜೆ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ವಾಷಿಂಗ್ಟನ್ನಿನಲ್ಲಿ 48 ಅಡಿಯ ಮರದ ಬುಡದಲ್ಲಿ ಗುಂಡಿಯೊಂದನ್ನು ಒತ್ತಿದರು. 2,500 ಬಲ್ಬುಗಳು ಬೆಳಗಿದವು. ಒಂದು ಬೆರಳು, ಒಂದು ಗುಂಡಿ. ಜನ ನೆನಪಿಟ್ಟುಕೊಂಡದ್ದು ಅದನ್ನೇ. ತಂತಿ ಎಳೆದವರ ಹೆಸರು ಯಾರಿಗೂ ತಿಳಿಯದು.

ಎರಡನೆಯ ಮಹಾಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಯೂರೋಪಿನಿಂದ ಅಕ್ಕಿಕಾಳಿನಂಥ ಬಲ್ಬುಗಳು ಬಂದವು. ಒಂದೊಂದಕ್ಕೂ ಎರಡೂವರೆ ವೋಲ್ಟು ಸಾಕು; ಐವತ್ತನ್ನು ಸರಣಿಯಲ್ಲಿ ಕಟ್ಟಿದರೆ ಅಮೆರಿಕದ ವಿದ್ಯುತ್ತಿಗೆ ಸರಿಹೊಂದುತ್ತಿತ್ತು. ಆದರೆ ಐವತ್ತರಲ್ಲಿ ಒಂದು ಕೆಟ್ಟರೂ ಐವತ್ತೂ ಆರುವುದಾದರೆ ಯಾರು ಕೊಂಡಾರು? ಇದಕ್ಕೆ ಕಂಡುಕೊಂಡ ಪರಿಹಾರ ನನಗಂತೂ ಬಹಳ ಮೆಚ್ಚುಗೆಯದು. ಪ್ರತಿ ಬಲ್ಬಿನೊಳಗೆ, ಬೆಳಗುವ ಎಳೆಯ ಕೆಳಗೆ, ಇನ್ನೊಂದು ಸಣ್ಣ ತಂತಿ ಸುತ್ತಿರುತ್ತದೆ. ಅದರ ಮೈಮೇಲೆ ವಿದ್ಯುತ್ ಹಾಯಗೊಡದ ತೆಳುವಾದ ಲೇಪವಿದೆ. ಬಲ್ಬು ಬೆಳಗುತ್ತಿರುವಾಗ ಅದರ ಪಾಲಿಗೆ ಬರುವ ಒತ್ತಡ ಎರಡೂವರೆ ವೋಲ್ಟು ಮಾತ್ರ. ಲೇಪವನ್ನು ಭೇದಿಸಲು ಅದು ಸಾಲದು. ಎಳೆ ಕಡಿದೊಡನೆ ಇಡೀ ಸರದ ಒತ್ತಡವೆಲ್ಲ ಆ ಒಂದು ಬಲ್ಬಿನ ಮೇಲೆ ಬೀಳುತ್ತದೆ. ಲೇಪ ಸುಟ್ಟುಹೋಗಿ, ಆ ಸಣ್ಣ ತಂತಿ ಸೇತುವೆಯಾಗಿ, ಉಳಿದ ನಲವತ್ತೊಂಬತ್ತು ದೀಪಗಳಿಗೆ ವಿದ್ಯುತ್ ಹರಿಯುತ್ತದೆ. ಸತ್ತ ಬಲ್ಬು ತನ್ನ ಸಂಗಾತಿಗಳಿಗೆ ದಾರಿ ಬಿಟ್ಟುಕೊಡುತ್ತದೆಯೆನ್ನಬಹುದು. ಬಲ್ಬು ತನ್ನ ಗೂಡಿನಲ್ಲಿ ಸಡಿಲವಾಗಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಹಿರಿಯರು ಒಂದೊಂದನ್ನೇ ಒತ್ತಿ ನೋಡುವುದರಲ್ಲಿ ಅರ್ಥವಿರುವುದು ಅದಕ್ಕಾಗಿಯೇ. ಇನ್ನೊಂದು ತೊಡಕೂ ಇದೆ. ಸತ್ತ ಬಲ್ಬಿನ ಪಾಲಿನ ಒತ್ತಡ ಉಳಿದವುಗಳಿಗೆ ಹಂಚಿಹೋಗುತ್ತದೆ. ಒಂದೆರಡಾದರೆ ಚಿಂತೆಯಿಲ್ಲ, ಬದಲಾಯಿಸದೆ ಹಾಗೆಯೇ ಬಿಟ್ಟರೆ ಉಳಿದವು ಹೆಚ್ಚು ಕಾದು, ಒಂದರ ಹಿಂದೊಂದು ಬೇಗಬೇಗನೆ ಸಾಯುತ್ತವೆ.

ಈಗ ಮರದ ಕಡೆಗೆ ಬರೋಣ. ಕೃತಕ ಮರವೆಂದರೆ ನಿನ್ನೆ ಮೊನ್ನೆಯದೆಂದು ತಿಳಿಯಬೇಡಿ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿಯೇ ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಹಾಕಿ, ತಂತಿಗೆ ಸುತ್ತಿ ಮರ ಮಾಡುತ್ತಿದ್ದರು. ಕಾಡಿನ ಎಳೆಯ ಮರಗಳನ್ನು ಕಡಿಯುವುದು ಅತಿಯಾಯಿತೆಂಬ ಕಳವಳ ಅದರ ಹಿಂದಿತ್ತು. 1930ರ ಸುಮಾರಿಗೆ ಶೌಚಾಲಯ ತೊಳೆಯುವ ಬ್ರಷ್ ಮಾಡುವ ಯಂತ್ರದಲ್ಲಿಯೇ ಕಂಪನಿಯೊಂದು ಕ್ರಿಸ್‌ಮಸ್ ಮರದ ಕೊಂಬೆಗಳನ್ನು ತಯಾರಿಸಿತೆಂದು ಹೇಳುತ್ತಾರೆ. ಇಂದಿನ ಕೃತಕ ಕೊಂಬೆಯನ್ನು ಹತ್ತಿರದಿಂದ ನೋಡಿದರೆ ಆ ಬಂಧುತ್ವ ಈಗಲೂ ಗುರುತು ಸಿಗುತ್ತದೆ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು 1959ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಎಂಬ ಊರಿನ ಅಲ್ಯೂಮಿನಿಯಂ ಸ್ಪೆಷಾಲ್ಟಿ ಕಂಪನಿ 'ಎವರ್‌ಗ್ಲೀಮ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಅಲ್ಯೂಮಿನಿಯಂ ಮರ. ಪಾತ್ರೆ ಮಾಡುವ ಲೋಹದ ಹಾಳೆಯ ಎಸಳುಗಳುಳ್ಳ ಬೆಳ್ಳಿ ಬಣ್ಣದ ಆ ಮರಗಳು ಲಕ್ಷಗಟ್ಟಲೆ ಮಾರಾಟವಾದವು. ಆದರೆ ಅವುಗಳಿಗೆ ದೀಪದ ಸರ ಕಟ್ಟುವಂತಿರಲಿಲ್ಲ. ಎಲ್ಲಿಯಾದರೂ ವೈರಿನ ಹೊದಿಕೆ ಸವೆದು ತಂತಿ ಲೋಹಕ್ಕೆ ತಾಗಿದರೆ ಇಡೀ ಮರವೇ ಶಾಕ್ ಹೊಡೆಯುವ ವಸ್ತುವಾಗುತ್ತಿತ್ತು; ಮರವನ್ನು ಮುಟ್ಟುವವರು ಮಕ್ಕಳು. ಹಾಗಾಗಿ ನೆಲದ ಮೇಲೆ, ಮರದಿಂದ ದೂರದಲ್ಲಿ, ಒಂದು ದೀಪವನ್ನಿಟ್ಟು ಅದರ ಮುಂದೆ ನಾಲ್ಕು ಬಣ್ಣದ ಪ್ಲಾಸ್ಟಿಕ್ ಚಕ್ರವೊಂದು ಮೆಲ್ಲಗೆ ತಿರುಗುವಂತೆ ಮಾಡಿದರು. ಮರ ಕೆಂಪಾಗಿ, ನೀಲಿಯಾಗಿ, ಹಸಿರಾಗಿ ಹೊಳೆಯುತ್ತಿತ್ತು. ಮರದ ಮೈಮೇಲೆ ಒಂದು ಎಳೆ ತಂತಿಯೂ ಇಲ್ಲ! ತಂತಿಯನ್ನು ಅಡಗಿಸುವುದರ ಬದಲು ಅದನ್ನು ಮರದಿಂದಲೇ ಹೊರಗಿಟ್ಟ ಏಕೈಕ ಯುಗ ಅದು. ಜನರ ರುಚಿ ಬದಲಾಯಿತು. 1965ರಲ್ಲಿ ಟೆಲಿವಿಷನ್ನಿನಲ್ಲಿ ಬಂದ ಮಕ್ಕಳ ವ್ಯಂಗ್ಯಚಿತ್ರವೊಂದು ಲೋಹದ ಮರಗಳನ್ನು ಲೇವಡಿ ಮಾಡಿದ್ದೂ ಅದಕ್ಕೆ ಕಾರಣವೆನ್ನುತ್ತಾರೆ. ಅಲ್ಯೂಮಿನಿಯಂ ಮರಗಳು ಅಟ್ಟ ಸೇರಿದವು.

ಅವುಗಳ ಸ್ಥಾನಕ್ಕೆ ಬಂದದ್ದು ಹಸಿರು ಪಿವಿಸಿ ಪ್ಲಾಸ್ಟಿಕ್ಕಿನ ಮರ. ಪ್ಲಾಸ್ಟಿಕ್ ವಿದ್ಯುತ್ತನ್ನು ಹಾಯಗೊಡುವುದಿಲ್ಲವಾದ್ದರಿಂದ ದೀಪದ ಸರ ಮತ್ತೆ ಮರವೇರಿತು. 1990ರ ದಶಕದಲ್ಲಿ ತಯಾರಕರು ಇನ್ನೊಂದು ಹೆಜ್ಜೆ ಮುಂದಿಟ್ಟರು: ಸರವನ್ನು ಕಾರ್ಖಾನೆಯಲ್ಲಿಯೇ ಕೊಂಬೆಕೊಂಬೆಗೆ ಸುತ್ತಿ ಕಳುಹಿಸತೊಡಗಿದರು. ಈ ಮರಗಳಲ್ಲಿ ಹೆಚ್ಚಿನವು ಚೀನಾದಲ್ಲಿ ತಯಾರಾಗುತ್ತವೆ. ದೀಪ ಸುತ್ತುವುದು ಬಹುಮಟ್ಟಿಗೆ ಕೈಕೆಲಸ. ಹಬ್ಬದ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ಅರ್ಧ ಗಂಟೆ ಹಿಡಿಯುತ್ತಿದ್ದ ಕೆಲಸ ಇಲ್ಲವಾಗಲಿಲ್ಲ, ಬೇರೆಯವರ ಕೈಗೆ ಹೋಯಿತು. ತಂತಿಯಂತೆಯೇ ದುಡಿಮೆಯೂ ಕಣ್ಮರೆಯಾಯಿತು.

ಆರಂಭದ ಪ್ರೀ-ಲಿಟ್ ಮರಗಳನ್ನು ಜೋಡಿಸಿದವರು ಅವುಗಳ ತಾಪತ್ರಯವನ್ನು ಬಲ್ಲರು. ಮೂರು ತುಂಡುಗಳಿಗೂ ಬೇರೆಬೇರೆ ಸರಗಳು, ಸರಗಳಿಗೆ ಬೇರೆಬೇರೆ ಪ್ಲಗ್ಗುಗಳು. ಎಲೆಗಳ ನಡುವೆ ಕೈಹಾಕಿ ತಡಕಾಡಿ, ಅಕ್ಷರದ ಗುರುತಿದ್ದರೆ ಅದನ್ನು ನೋಡಿಕೊಂಡು ಒಂದಕ್ಕೊಂದು ಚುಚ್ಚಬೇಕು. ಒಂದನ್ನು ಮರೆತರೆ ಮರದ ನಡುವಿನ ಒಂದು ಪಟ್ಟಿ ಕತ್ತಲೆ. ಮೂರು ನಾಲ್ಕು ವರ್ಷಗಳಲ್ಲಿ ಒಂದು ಸರ ಕೆಟ್ಟರೆ ಇನ್ನೂ ದೊಡ್ಡ ಕಷ್ಟ. ಬಿಡಿಯಾದ ಸೀರಿಯಲ್ ಸೆಟ್ಟು ಕೆಟ್ಟರೆ ಅದನ್ನು ಎಸೆದು ಹೊಸದನ್ನು ತರಬಹುದು. ಕೊಂಬೆಗೆ ಕ್ಲಿಪ್ಪು ಹಾಕಿ ಬಿಗಿದ ಸರವನ್ನು ಬಿಡಿಸುವುದಕ್ಕಿಂತ ಇಡೀ ಮರವನ್ನೇ ಎಸೆಯುವುದು ಸುಲಭವೆಂದು ಅನೇಕರಿಗೆ ಅನ್ನಿಸಿತು. ಒಂದು ಬಲ್ಬಿಗಾಗಿ ಮರವನ್ನೇ ಬಿಸಾಡುವುದು ನನಗೆ ಒಪ್ಪಿತವಲ್ಲ. ಆದರೆ ಆ ಕ್ಲಿಪ್ಪುಗಳನ್ನು ಬಿಡಿಸಿ ನೋಡಿದವರನ್ನು ದೂರುವುದಕ್ಕೂ ಮನಸ್ಸು ಬಾರದು.

ಕೊನೆಗೆ ತಂತಿ ಕಾಂಡದೊಳಗೆ ಹೋಯಿತು. ಕೃತಕ ಮರದ ಕಾಂಡವೆಂದರೆ ಟೊಳ್ಳಾದ ಲೋಹದ ಕೊಳವೆ. 2010ರ ನಂತರದ ವರ್ಷಗಳಲ್ಲಿ ಆ ಟೊಳ್ಳಿನೊಳಗೇ ಚೆನ್ನಾಗಿ ಹೊದಿಸಿದ ವೈರನ್ನು ಹಾಯಿಸಿ, ಕೆಳಗಿನ ಕೊಳವೆಯ ಬಾಯಿಯಲ್ಲಿ ಸಾಕೆಟ್ಟನ್ನೂ ಮೇಲಿನ ಕೊಳವೆಯ ತಳದಲ್ಲಿ ಪ್ಲಗ್ಗನ್ನೂ ಕೂರಿಸುವ ಪದ್ಧತಿ ಬಂದಿತು. ಕೊಳವೆಯನ್ನು ಕೊಳವೆಯ ಮೇಲೆ ಇಟ್ಟರೆ ಮರ ನಿಲ್ಲುವುದೂ ವಿದ್ಯುತ್ ಸೇರುವುದೂ ಒಟ್ಟಿಗೇ ಆಗುತ್ತದೆ. ಇದರಲ್ಲಿ ಸೂಕ್ಷ್ಮವಾದ ಅಂಶವೊಂದಿದೆ. ಗೋಡೆಯ ಸಾಕೆಟ್ಟಿಗೆ ಪ್ಲಗ್ಗನ್ನು ಹೇಗೆಂದರೆ ಹಾಗೆ ಚುಚ್ಚಲಾಗದು. ಕಡ್ಡಿಗಳು ತೂತಿಗೆ ಸರಿಯಾಗಿ ಬರಬೇಕು. ಕತ್ತಿನವರೆಗೆ ಕೊಂಬೆಗಳಿರುವ ಮರದ ತುಂಡನ್ನು ಎತ್ತಿ ಹಿಡಿದವರು ಒಳಗಿನ ಕಡ್ಡಿ ತೂತುಗಳನ್ನು ನೋಡುವುದು ಹೇಗೆ? ಅದಕ್ಕಾಗಿ ನಡುವೆ ಒಂದು ಕಡ್ಡಿ, ಅದರ ಸುತ್ತ ಒಂದು ಬಳೆ ಎಂಬಂತೆ ಜೋಡಣೆಯನ್ನು ರೂಪಿಸಿದರು. ತುಂಡನ್ನು ಯಾವ ದಿಕ್ಕಿಗೆ ತಿರುಗಿಸಿ ಇಟ್ಟರೂ ಕಡ್ಡಿ ಕಡ್ಡಿಗೆ, ಬಳೆ ಬಳೆಗೆ ತಾಗುತ್ತದೆ. 1882ರಲ್ಲಿ ಜಾನ್ಸನ್ ಸುತ್ತುವ ಮರಕ್ಕಾಗಿ ಬಳಸಿದ ತಾಮ್ರದ ಪಟ್ಟಿಯ ದೂರದ ವಂಶಜ ಇದೆಂದು ನನಗೆ ತೋರುತ್ತದೆ.

ಈ ಪುಟ್ಟ ಕಡ್ಡಿ ಮತ್ತು ಬಳೆಯ ಬೆಲೆ ಎಷ್ಟೆಂಬುದನ್ನು ನ್ಯಾಯಾಲಯವೊಂದು ಲೆಕ್ಕಹಾಕಿದೆ. ಕಾಂಡದೊಳಗಿನ ಈ ಜೋಡಣೆಗೆ ವಿಲ್ಲಿಸ್ ಎಲೆಕ್ಟ್ರಿಕ್ ಎಂಬ ಕಂಪನಿ 2013ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿತ್ತು. ಪಾಲಿಗ್ರೂಪ್ ಎಂಬ ಇನ್ನೊಂದು ತಯಾರಕ ಸಂಸ್ಥೆ ತನ್ನ ಹಕ್ಕನ್ನು ಉಲ್ಲಂಘಿಸಿದೆಯೆಂದು 2015ರಲ್ಲಿ ಮಿನ್ನೆಸೋಟಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿತು. 2024ರಲ್ಲಿ ಜ್ಯೂರಿಯು ದಾವೆ ಹೂಡಿದವರ ಪರವಾಗಿ ತೀರ್ಪಿತ್ತು, ಸುಮಾರು 4 ಕೋಟಿ 25 ಲಕ್ಷ ಡಾಲರ್ ಪರಿಹಾರವನ್ನು ನಿಗದಿಪಡಿಸಿತು. ಕೊಟ್ಟಿಗೆಯಲ್ಲಿ ಹುಟ್ಟಿದ ಕಂದನ ಹಬ್ಬಕ್ಕೆ ನಿಲ್ಲಿಸುವ ಮರದ ಒಳಗಡೆ ಇಷ್ಟು ದೊಡ್ಡ ವ್ಯಾಜ್ಯ ಅಡಗಿ ಕುಳಿತಿತ್ತೆಂದು ಯಾರು ತಾನೇ ಊಹಿಸಿಯಾರು?

ಇದೇ ಹೊತ್ತಿಗೆ ಬಲ್ಬು ಕೂಡ ಬದಲಾಯಿತು. ಎಳೆ ಕಾದು ಬೆಳಗುವ ಬಲ್ಬಿನ ಸ್ಥಾನಕ್ಕೆ ಎಲ್‌ಇಡಿ ಬಂದಿತು. ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿ ಬಿಳಿಯ ಬೆಳಕಿಗೆ ದಾರಿಮಾಡಿದ ಜಪಾನ್ ಮೂಲದ ಮೂವರು ವಿಜ್ಞಾನಿಗಳಾದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಮುನ್ನೂರು ಹಳೆಯ ಪುಟ್ಟ ಬಲ್ಬುಗಳ ಮರಕ್ಕೆ ಸುಮಾರು 120 ವ್ಯಾಟ್ ಬೇಕಾಗುತ್ತಿತ್ತು. ಅಷ್ಟೇ ಎಲ್‌ಇಡಿಗಳಿಗೆ ಇಪ್ಪತ್ತರ ಆಸುಪಾಸು ಸಾಕು. ಆದರೆ ಎಲ್‌ಇಡಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ, ಕಡಿಮೆ ಒತ್ತಡದ ವಿದ್ಯುತ್. ಅದಕ್ಕಾಗಿ ಅನೇಕ ಮರಗಳ ವೈರಿನ ತುದಿಯಲ್ಲಿ ಅಡಾಪ್ಟರ್ ಎಂಬ ಕಪ್ಪು ಡಬ್ಬಿಯಿರುತ್ತದೆ. ಗೋಡೆಯ 230 ವೋಲ್ಟು ಅಲ್ಲಿಯೇ ನಿಲ್ಲುತ್ತದೆ. ಮರಕ್ಕೆ ಹೋಗುವುದು ಹೆಚ್ಚೆಂದರೆ ಮೂವತ್ತರಷ್ಟು. ಮಗು ಕೊಂಬೆ ಹಿಡಿದೆಳೆದರೂ ಪ್ರಾಣಭಯವಿಲ್ಲ. ತಂತಿ ಮರೆಯಾದದ್ದಕ್ಕಿಂತ ಈ ಬದಲಾವಣೆಯೇ ದೊಡ್ಡದೆಂದು ನನ್ನ ಅಭಿಪ್ರಾಯ.

ಹಾಗಾದರೆ ಚಿಂತಿಸಬೇಕಾದದ್ದು ಏನೂ ಇಲ್ಲವೇ? ಎರಡು ಮಾತುಗಳಿವೆ. ಅಮೆರಿಕದಿಂದ ಬರುವ ಮಕ್ಕಳು, ಬಂಧುಗಳು ಪ್ರೀತಿಯಿಂದ ಅಲ್ಲಿನ ಮರವನ್ನು ಹೊತ್ತು ತರುತ್ತಾರೆ. ಅದು ಹಳೆಯ ಬಲ್ಬಿನ ಮರವಾಗಿದ್ದರೆ 120 ವೋಲ್ಟಿಗೆಂದು ಮಾಡಿದ್ದು. ಚಪ್ಪಟೆ ಕಡ್ಡಿಯ ಪ್ಲಗ್ಗಿಗೆ ನಮ್ಮ ಅಂಗಡಿಯಲ್ಲಿ ಸಿಗುವ ಪರಿವರ್ತಕ ಪ್ಲಗ್ಗನ್ನು ಸಿಕ್ಕಿಸಿದರೆ ಬದಲಾಗುವುದು ಕಡ್ಡಿಯ ಆಕಾರ ಮಾತ್ರ, ಒತ್ತಡವಲ್ಲ. ಪ್ರತಿ ಬಲ್ಬಿಗೂ ಎರಡರಷ್ಟು ಒತ್ತಡ ಬಿದ್ದು, ಕಣ್ಣು ಕೋರೈಸುವಂತೆ ಬೆಳಗಿ, ಸ್ವಲ್ಪ ಹೊತ್ತಿನಲ್ಲೇ ಮರ ಶಾಶ್ವತವಾಗಿ ಆರಿಹೋಗುತ್ತದೆ. ಒತ್ತಡ ಇಳಿಸುವ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಮರವನ್ನು ಹಚ್ಚಬೇಡಿ. ಅಡಾಪ್ಟರ್ ಇರುವ ಎಲ್‌ಇಡಿ ಮರವಾದರೆ ಅದರ ಮೇಲೆ 'ಇನ್‌ಪುಟ್' ಎಂಬುದರ ಮುಂದೆ 100ರಿಂದ 240 ವೋಲ್ಟ್ ಎಂದಿದೆಯೇ ನೋಡಿ. ಇದ್ದರೆ ನಮ್ಮಲ್ಲೂ ನಡೆಯುತ್ತದೆ. ಬರೀ 120 ಎಂದಿದ್ದರೆ ನಡೆಯುವುದಿಲ್ಲ.

ಇನ್ನೊಂದು ಮಾತು ಆ ಕಪ್ಪು ಡಬ್ಬಿಯನ್ನು ಇಡುವ ಜಾಗದ್ದು. ಮರದಲ್ಲಿ ಅಡಗಿಸಲಾಗದೆ ಉಳಿದಿರುವುದು ಅದೊಂದೇ. ಆದ್ದರಿಂದ ಅದನ್ನೂ ಮರೆಮಾಡಬೇಕೆಂದು ನಮಗೆ ಆಸೆ. ಮರದ ಬುಡದಲ್ಲೇ ಗೋದಲಿ ಇರುತ್ತದೆ. ಗೋದಲಿಯಲ್ಲಿ ಒಣಹುಲ್ಲು, ಹಿಮದ ಬದಲಿಗೆ ಹರಡಿದ ಹತ್ತಿ, ಬೆಟ್ಟಕ್ಕೆಂದು ಮಡಿಸಿದ ಕಾಗದ. ಡಬ್ಬಿಯನ್ನೂ ಎಕ್ಸ್‌ಟೆನ್ಷನ್ ಬೋರ್ಡನ್ನೂ ಆ ಹುಲ್ಲಿನ ಕೆಳಗೆ ತಳ್ಳಿಬಿಡುವುದು ಬಹಳ ಮನೆಗಳಲ್ಲಿ, ಕೆಲವು ದೇವಾಲಯಗಳಲ್ಲೂ ನಾನು ಕಂಡಿರುವ ಅಭ್ಯಾಸ. ಅಡಾಪ್ಟರ್ ಕೆಲಸ ಮಾಡುವಾಗ ಬೆಚ್ಚಗಾಗುತ್ತದೆ. ಆ ಶಾಖ ಗಾಳಿಗೆ ಹೋಗಬೇಕು. ಹುಲ್ಲು, ಹತ್ತಿ ಮುಚ್ಚಿದರೆ ಹೋಗುವುದಿಲ್ಲ. ಬೋರ್ಡಿನಲ್ಲಿ ಒಂದು ಪ್ಲಗ್ಗು ಸಡಿಲವಾಗಿದ್ದರೆ ಅಲ್ಲಿ ಕಿಡಿಯೂ ಏಳಬಹುದು. ಮೇಣದಬತ್ತಿಯ ಕಾಲದಲ್ಲಿ ಬಕೆಟ್ಟು ಹಿಡಿದು ನಿಂತಿದ್ದವರು ಈಗ ಆ ಕೋಣೆಯಲ್ಲಿಲ್ಲ. ಮನೆಗೆ ಬೀಗ ಹಾಕಿ ಎಲ್ಲರೂ ನಡುರಾತ್ರಿಯ ಬಲಿಪೂಜೆಗೆ ಹೋಗಿರುತ್ತಾರೆ. ಮರ ಮಾತ್ರ ಒಳಗೆ ಬೆಳಗುತ್ತಿರುತ್ತದೆ. ಹೊರಡುವ ಮುನ್ನ ಗೋಡೆಯ ಸ್ವಿಚ್ಚನ್ನು ಆರಿಸಿ, ಬಂದ ಮೇಲೆ ಹಾಕಿಕೊಳ್ಳಿ. ಡಬ್ಬಿಯನ್ನು ಗೋದಲಿಯ ಹಿಂದೆ, ಬರಿಯ ನೆಲದ ಮೇಲೆ, ಹುಲ್ಲಿನಿಂದ ಒಂದು ಗೇಣು ದೂರದಲ್ಲಿ ಇಡಿ; ಕಂಡರೆ ಕಾಣಲಿ.

ಅಡಾಪ್ಟರಿನ ಮೇಲಿನ ಅಕ್ಷರಗಳು ಬಹಳ ಸಣ್ಣವು, ಕಪ್ಪಿನ ಮೇಲೆ ಬೂದು ಬಣ್ಣದವು. ನಮ್ಮ ಕಣ್ಣಿಗೆ ಕಾಣದಿದ್ದರೆ "ಕರೆಂಟು ಎಲ್ಲಿಂದ ಬರುತ್ತದೆ?" ಎಂದು ಕೇಳಿದ ಆ ಮಗುವನ್ನೇ ಕರೆದು ಓದಿಸಬಹುದು.